ಮಕ್ಕಳ ಕಾರುಸೀಟು ಮತ್ತು ಅದರ ಪರೀಕ್ಷೆಗಳು: ಒಂದು ಸಾಕ್ಷ್ಯವಿಮರ್ಶೆ

ಇತಿಹಾಸದ ವಿದ್ಯಾರ್ಥಿಗೆ ಶಾಸನ, ಓಲೆ, ಕಡತಗಳು ಹೇಗೆ ಆಕರಗಳೋ ಹಾಗೆಯೇ ದಿನಬಳಕೆಯ ವಸ್ತುಗಳೂ ಆಕರಗಳು. ಪ್ರಕೃತ ಲೇಖನಕ್ಕೆ ನಾವು ಆರಿಸಿಕೊಂಡಿರುವ ವಸ್ತು ಮೋಟಾರುಕಾರಿನಲ್ಲಿ ಮಗುವನ್ನು ಕೂರಿಸಿ ಕಟ್ಟುವ ಸೀಟು. ಇದು ಯಂತ್ರಶಾಸ್ತ್ರಜ್ಞರ ವಿಷಯವಲ್ಲವೇ, ಇತಿಹಾಸದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ, ಎಂದು ಕೆಲವರು ಕೇಳಬಹುದು. ಸೀಟನ್ನು ತಯಾರಿಸುವುದು ಯಂತ್ರಶಾಸ್ತ್ರದ ಕೆಲಸ, ನಿಜ. ಆದರೆ ‘ಈ ಸೀಟು ಅಪಘಾತದಲ್ಲಿ ಮಗುವನ್ನು ಕಾಪಾಡುತ್ತದೆ’ ಎಂಬ ಮಾತು ಒಂದು ಹೇಳಿಕೆ. ಆ ಹೇಳಿಕೆಗೆ ಆಧಾರವೇನು, ಅದನ್ನು ನುಡಿದವರು ಯಾರು, ಅವರು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಕೇಳುವುದು ನಮ್ಮ ಶಾಸ್ತ್ರದ ಕೆಲಸ. ಕಳೆದ ಅರ್ಧ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಈ ಹೇಳಿಕೆಯನ್ನು ಹೇಗೆ ಹೇಗೆ ಪರೀಕ್ಷಿಸಲಾಯಿತು, ಆ ಪರೀಕ್ಷೆಗಳು ಎಲ್ಲೆಲ್ಲಿ ಎಡವಿದುವು ಎಂಬುದನ್ನು ಇಲ್ಲಿ ನೋಡೋಣ.

೧

ಮಕ್ಕಳ ಸೀಟು ಹುಟ್ಟಿದ್ದು ರಕ್ಷಣೆಗಾಗಿ ಅಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ಬನ್ನಿ ಬೇರ್ ಸಂಸ್ಥೆ ಮಾರುತ್ತಿದ್ದ ಸೀಟಿನ ಉದ್ದೇಶ ಮಗುವನ್ನು ಎತ್ತರದಲ್ಲಿ ಕೂರಿಸುವುದು, ಕಾರು ನಡೆಸುವವರ ಕಣ್ಣಿಗೆ ಅದು ಕಾಣುವಂತೆ ಮಾಡುವುದು, ಅತ್ತಿತ್ತ ಹರಿದಾಡದಂತೆ ತಡೆಯುವುದು, ಇಷ್ಟೇ. ಮುಂದಿನ ಎರಡು ದಶಕಗಳ ಸೀಟುಗಳೂ ಹೆಚ್ಚುಕಡಮೆ ಇದೇ ಜಾತಿಯವು. ಕೆಲವಕ್ಕೆ ಆಟದ ಚಾಲಕಚಕ್ರವನ್ನು ಜೋಡಿಸಿದ್ದರು. ಕಾರಿನ ಸೀಟಿನ ಬೆನ್ನಿಗೆ ಕೊಕ್ಕೆಯಿಂದ ತೂಗುಹಾಕಿದ ಇಂಥ ಸೀಟು ಡಿಕ್ಕಿಯಾದಾಗ ಮಗುವಿನೊಡನೆ ತಾನೂ ಹಾರಿಹೋಗುವಂಥದು.

ದೇಹವು ಎಂತಹ ಆಘಾತವನ್ನು ತಡೆದೀತು ಎಂಬ ಪ್ರಶ್ನೆ ಬೇರೊಂದು ಕಡೆಯಿಂದ ಬಂದಿತು. ಎತ್ತರದಿಂದ ಬಿದ್ದು ಬದುಕಿದವರ ವೃತ್ತಾಂತಗಳನ್ನು ಸಂಗ್ರಹಿಸಿ ಹ್ಯೂ ಡಿ ಹೇವನ್ ೧೯೪೨ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಬೀಳುವುದರಿಂದಲ್ಲ, ನಿಲ್ಲುವ ಬಗೆಯಿಂದ ಸಾವು ಬರುತ್ತದೆ, ಹೊಡೆತವನ್ನು ದೇಹದ ಅಗಲಕ್ಕೆ ಹಂಚಿ, ನಿಲ್ಲುವ ದೂರವನ್ನು ಹಿಗ್ಗಿಸಿದರೆ ಮನುಷ್ಯನು ಬದುಕಬಲ್ಲನು ಎಂಬುದು ಅದರ ತಾತ್ಪರ್ಯ. ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ತನ್ನ ದೇಹವನ್ನೇ ಪರೀಕ್ಷೆಗೆ ಒಡ್ಡಿದನು. ೧೯೫೪ರ ಡಿಸೆಂಬರ್ ೧೦ರಂದು ರಾಕೆಟ್ಟಿನ ಬಂಡಿಯಲ್ಲಿ ಗಂಟೆಗೆ ೬೩೨ ಮೈಲಿ ವೇಗಕ್ಕೇರಿ, ಥಟ್ಟನೆ ನಿಂತು, ಗುರುತ್ವದ ೪೬ ಪಟ್ಟಿಗೂ ಮೀರಿದ ಒತ್ತಡವನ್ನು ತಾಳಿಕೊಂಡನು. ಚಲಿಸುವ ದಿಕ್ಕಿಗೆ ಬೆನ್ನುಮಾಡಿ ಕುಳಿತವನು ಹೆಚ್ಚು ಸುರಕ್ಷಿತ ಎಂಬ ಅಭಿಪ್ರಾಯ ಇಂತಹ ಪ್ರಯೋಗಗಳಿಂದ ಬಲಗೊಂಡಿತು.

ಇದನ್ನು ಶಿಶುವಿಗೆ ಅನ್ವಯಿಸಿದವನು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. ಅಂತರಿಕ್ಷಯಾತ್ರಿಗಳು ಬೆನ್ನಿಗೆ ಒರಗು ಕೊಟ್ಟು ಮಲಗಿರುವ ಭಂಗಿಯಿಂದ ಪ್ರೇರಿತನಾಗಿ ಆತನು ರೂಪಿಸಿದ ಹಿಮ್ಮುಖ ಸೀಟನ್ನು ೧೯೬೪ರಲ್ಲಿ ವೋಲ್ವೋ ಕಾರಿನಲ್ಲಿ ಪರೀಕ್ಷಿಸಲಾಯಿತು. ಶಿಶುವಿನ ತಲೆ ಅದರ ಮೈಗೆ ಹೋಲಿಸಿದರೆ ಬಲು ಭಾರ, ಕೊರಳಿನ ಮೂಳೆಗಳು ಇನ್ನೂ ಮೃದು. ಮುಮ್ಮುಖವಾಗಿ ಕುಳಿತಾಗ ಎದುರಿನ ಡಿಕ್ಕಿಯಲ್ಲಿ ಪಟ್ಟಿಗಳು ಎದೆಯನ್ನು ಹಿಡಿದರೂ ತಲೆ ಮುಂದಕ್ಕೆ ಎಸೆಯಲ್ಪಡುತ್ತದೆ, ಆ ಸೆಳೆತವೆಲ್ಲ ಕೊರಳಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿ ಕುಳಿತರೆ ಸೀಟಿನ ಬೆನ್ನು ತಲೆ, ಕೊರಳು, ಬೆನ್ನುಗಳನ್ನು ಒಟ್ಟಾಗಿ ತಡೆಯುತ್ತದೆ. ಇದೇ ಕಾಲದಲ್ಲಿ, ೧೯೬೨ರಲ್ಲಿ, ಬ್ರಿಟನ್ನಿನ ಜೀನ್ ಏಮ್ಸ್ ಮತ್ತು ಅಮೆರಿಕದ ಲೆನರ್ಡ್ ರಿವ್ಕಿನ್ ರಕ್ಷಣೆಯೇ ಮುಖ್ಯವೆಂದು ಭಾವಿಸಿದ ಸೀಟುಗಳನ್ನು ರಚಿಸಿದರು.

೨

ಹೀಗೆ ರಕ್ಷಣೆಯ ಹೆಸರಿನಲ್ಲಿ ಸೀಟುಗಳು ಅಂಗಡಿಗೆ ಬಂದ ಮೇಲೆ, ಯಾವುದು ಒಳ್ಳೆಯದು ಎಂದು ತೀರ್ಮಾನಿಸುವ ಸಮಸ್ಯೆ ಎದ್ದಿತು. ಅಮೆರಿಕ ಸರ್ಕಾರದ ೨೧೩ನೆಯ ಸಂಖ್ಯೆಯ ಮಾನಕ ೧೯೭೧ರಲ್ಲಿ ಜಾರಿಗೆ ಬಂದಿತು. ಸೀಟನ್ನು ಕಾರಿನ ಬೆಲ್ಟಿನಿಂದ ಬಿಗಿಯಬೇಕು, ಮಗುವನ್ನು ಪಟ್ಟಿಗಳಿಂದ ಕಟ್ಟಬೇಕು ಎಂದು ಅದು ವಿಧಿಸಿತು. ಆದರೆ ಪರೀಕ್ಷೆ ಮಾತ್ರ ನಿಂತ ನೆಲದಲ್ಲಿ ನಡೆಯುತ್ತಿದ್ದಿತು: ಸೀಟನ್ನು ಗೊತ್ತಾದ ಬಲದಿಂದ ಮೆಲ್ಲನೆ ಜಗ್ಗಿ, ಕಿತ್ತುಬರುವುದೋ ಇಲ್ಲವೋ ನೋಡುವುದು. ಮೆಲ್ಲನೆ ಜಗ್ಗಿದಾಗ ನಿಲ್ಲುವ ವಸ್ತು ಹಠಾತ್ತನೆ ಬಡಿದಾಗ ನಿಲ್ಲಬೇಕೆಂಬ ನಿಯಮವಿಲ್ಲ. ೧೯೭೨ರಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಗ್ರಾಹಕರ ಸಂಸ್ಥೆ ಸೀಟುಗಳನ್ನು ಡಿಕ್ಕಿಯ ಪರೀಕ್ಷೆಗೆ ಒಡ್ಡಿದಾಗ, ಸರ್ಕಾರದ ಮಾನಕಕ್ಕೆ ಒಪ್ಪಿದ ಅನೇಕ ಸೀಟುಗಳು ವಿಫಲವಾದುವು. ಮುದ್ರೆ ಇದ್ದಿತು, ಮುದ್ರೆಯ ಹಿಂದೆ ಇರಬೇಕಾದ ಸತ್ಯ ಇರಲಿಲ್ಲ.

ಮಾನಕವನ್ನು ತಿದ್ದುವ ಕಾರ್ಯ ನಿಧಾನವಾಗಿ ನಡೆದು, ೧೯೭೯ರಲ್ಲಿ ಪ್ರಕಟವಾದ ಹೊಸ ನಿಯಮ ೧೯೮೧ರ ಜನವರಿ ೧ರಿಂದ ಜಾರಿಗೆ ಬಂದಿತು. ಇದರ ಪ್ರಕಾರ ಸೀಟನ್ನು ಜಾರುಬಂಡಿಯ ಮೇಲೆ ಕಟ್ಟಿ, ಅದರಲ್ಲಿ ಬೊಂಬೆಯನ್ನು ಕೂರಿಸಿ, ಗಂಟೆಗೆ ೩೦ ಮೈಲಿ, ಎಂದರೆ ೪೮ ಕಿಲೋಮೀಟರ್ ವೇಗದ ಡಿಕ್ಕಿಯನ್ನು ಅನುಕರಿಸಬೇಕು. ಬೊಂಬೆಯ ತಲೆಯ ಆಘಾತದ ಸೂಚ್ಯಂಕ ೧೦೦೦ವನ್ನು ಮೀರಕೂಡದು, ಎದೆಯ ಮೇಲಿನ ಒತ್ತಡ ಗುರುತ್ವದ ೬೦ ಪಟ್ಟನ್ನು ಮೀರಕೂಡದು, ತಲೆ ಮುಂದಕ್ಕೆ ಚಾಚುವ ದೂರ ೮೧೩ ಮಿಲಿಮೀಟರಿನೊಳಗಿರಬೇಕು. ಇದು ದೊಡ್ಡ ಮುನ್ನಡೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಈ ಅಂಕಿಗಳ ಬುಡವನ್ನು ಶೋಧಿಸಿದರೆ ಕೆಲವು ಸಂಗತಿಗಳು ಗೋಚರಿಸುತ್ತವೆ. ಪರೀಕ್ಷೆಯ ಪೀಠ ೧೯೭೪ರ ಷೆವರ್ಲೆ ಇಂಪಾಲ ಕಾರಿನ ಸೀಟಿನ ಮಾದರಿಯದು. ಆ ಕಾರು ರಸ್ತೆಯಿಂದ ಮರೆಯಾದ ಎಷ್ಟೋ ವರ್ಷಗಳವರೆಗೆ ಪೀಠ ಮಾತ್ರ ಉಳಿದಿದ್ದಿತು. ಮೂರು ವರ್ಷದ ಮಗುವನ್ನು ಪ್ರತಿನಿಧಿಸುವ ಬೊಂಬೆಯೊಳಗೆ ಅಳೆಯುವ ಉಪಕರಣಗಳಿದ್ದುವು, ಆರು ತಿಂಗಳ ಶಿಶುವಿನ ಬೊಂಬೆಯಲ್ಲಿ ಅವು ಇರಲೇ ಇಲ್ಲ. ಅತ್ಯಂತ ದುರ್ಬಲನಾದವನ ವಿಷಯದಲ್ಲಿಯೇ ಸಾಕ್ಷ್ಯವೂ ದುರ್ಬಲ! ಮಕ್ಕಳ ದೇಹ ತಾಳಬಲ್ಲ ಒತ್ತಡದ ಮಿತಿಗಳನ್ನಾದರೂ ಬಹುಮಟ್ಟಿಗೆ ವಯಸ್ಕರ ಅಳತೆಗಳಿಂದ ಇಳಿಸಿ ಲೆಕ್ಕಹಾಕಲಾಗಿದೆ. ಮಗುವನ್ನು ಸ್ಟ್ಯಾಪನಂತೆ ಬಂಡಿಗೆ ಏರಿಸುವಂತಿಲ್ಲವಷ್ಟೆ.

ಯೂರೋಪಿನಲ್ಲಿ ೧೯೮೧ರಲ್ಲಿ ಬಂದ ೪೪ನೆಯ ನಿಯಮ ಎದುರಿನ ಡಿಕ್ಕಿಯನ್ನು ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿಯೂ ಹಿಂದಿನ ಡಿಕ್ಕಿಯನ್ನು ೩೦ ಕಿಲೋಮೀಟರ್ ವೇಗದಲ್ಲಿಯೂ ಪರೀಕ್ಷಿಸಿತು. ಪಕ್ಕದ ಡಿಕ್ಕಿಗೆ ಅಲ್ಲಿ ಸ್ಥಾನವೇ ಇರಲಿಲ್ಲ. ೨೦೧೩ರ ೧೨೯ನೆಯ ನಿಯಮ ಆ ಕೊರತೆಯನ್ನು ತುಂಬಿ, ಹದಿನೈದು ತಿಂಗಳು ತುಂಬುವವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕೆಂದು ವಿಧಿಸಿತು. ಅಮೆರಿಕ ಪಕ್ಕದ ಡಿಕ್ಕಿಯ ಪರೀಕ್ಷೆಗೆ ಅಂತಿಮ ನಿಯಮ ಹೊರಡಿಸಿದ್ದು ೨೦೨೨ರಲ್ಲಿ.

೩

ಪರೀಕ್ಷಕರೇ ಎಡವಿದ ಪ್ರಸಂಗವೊಂದನ್ನು ಇಲ್ಲಿ ವಿವರವಾಗಿ ನೋಡಬೇಕು. ೨೦೦೭ರ ಜನವರಿಯಲ್ಲಿ ಅದೇ ಗ್ರಾಹಕರ ಸಂಸ್ಥೆಯ ಪತ್ರಿಕೆಯಾದ ಕನ್ಸ್ಯೂಮರ್ ರಿಪೋರ್ಟ್ಸ್, ತಾನು ಪರೀಕ್ಷಿಸಿದ ೧೨ ಶಿಶುಸೀಟುಗಳಲ್ಲಿ ೧೦ ಸೋತುವೆಂದು ಪ್ರಕಟಿಸಿತು. ತಾಯ್ತಂದೆಯರು ಎಷ್ಟು ಕಳವಳಗೊಂಡಿರಬೇಕೆಂಬುದನ್ನು ವಾಚಕರು ಊಹಿಸಬಲ್ಲರು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ, ಜನವರಿ ೧೮ರಂದು, ಪತ್ರಿಕೆ ತನ್ನ ವರದಿಯನ್ನು ಹಿಂತೆಗೆದುಕೊಂಡಿತು. ಪಕ್ಕದ ಡಿಕ್ಕಿಯನ್ನು ಗಂಟೆಗೆ ೩೮ ಮೈಲಿ ವೇಗದಲ್ಲಿ ಪರೀಕ್ಷಿಸಿದೆವೆಂದು ಹೇಳಿದ್ದರೂ ಹೊರಗಿನ ಪ್ರಯೋಗಾಲಯ ನಡೆಸಿದ ಪರೀಕ್ಷೆ ೭೦ ಮೈಲಿಗೂ ಮೀರಿದ ವೇಗದ ಡಿಕ್ಕಿಗೆ ಸಮನಾಗಿದ್ದಿತು. ಡಿಕ್ಕಿ ಹೊಡೆಯುವ ಕಾರಿನ ವೇಗ ಬೇರೆ, ಹೊಡೆಸಿಕೊಂಡ ಕಾರಿನ ವೇಗದಲ್ಲಿ ಆಗುವ ಬದಲಾವಣೆ ಬೇರೆ. ಸಮತೂಕದ ಕಾರುಗಳಾದರೆ ಎರಡನೆಯದು ಮೊದಲನೆಯದರ ಸುಮಾರು ಅರ್ಧ. ಈ ಭೇದ ಮರೆತುಹೋದರೆ ಶಕ್ತಿಯ ಲೆಕ್ಕ ಮೂರು ಪಟ್ಟಿಗೂ ಮಿಕ್ಕು ತಪ್ಪುತ್ತದೆ. ಸರ್ಕಾರದ ಇಲಾಖೆ ಸರಿಯಾದ ವೇಗದಲ್ಲಿ ಮತ್ತೆ ಪರೀಕ್ಷಿಸಿದಾಗ ಸೀಟುಗಳು ಚೆನ್ನಾಗಿಯೇ ನಿಂತುವು.

೧೯೭೨ರಲ್ಲಿ ಸರ್ಕಾರದ ಮುದ್ರೆಯ ಪೊಳ್ಳನ್ನು ಬಯಲಿಗೆಳೆದ ಸಂಸ್ಥೆಯೇ ೨೦೦೭ರಲ್ಲಿ ಸರ್ಕಾರದಿಂದ ತಿದ್ದಿಸಿಕೊಂಡಿತು ಎಂಬುದು ಗಮನಾರ್ಹ. ಒಮ್ಮೆ ಸರಿಯಾದ ಸಾಕ್ಷಿ ಸದಾ ಸರಿಯಾಗಿರಬೇಕಿಲ್ಲ. ಆದರೆ ತಪ್ಪು ಹೊರಬಿದ್ದೊಡನೆ ಸಂಸ್ಥೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಅದರ ಸಾಕ್ಷ್ಯದ ಮೌಲ್ಯವನ್ನು ಕುಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ ಎಂದು ನಾವು ಭಾವಿಸುತ್ತೇವೆ.

೪

ಪ್ರಯೋಗಾಲಯವನ್ನು ಬಿಟ್ಟು ನಿಜವಾದ ಅಪಘಾತಗಳ ದಾಖಲೆಗಳನ್ನೇ ಆಶ್ರಯಿಸಿದರೆ ಈ ತೊಡಕು ತಪ್ಪೀತೇ? ಅಲ್ಲಿಯೂ ತೊಡಕುಂಟು. ಎರಡು ವರ್ಷ ಮೀರಿದ ಮಕ್ಕಳ ಸಾವನ್ನು ತಡೆಯುವುದರಲ್ಲಿ ಸಾಮಾನ್ಯ ಬೆಲ್ಟಿಗಿಂತ ಸೀಟು ಹೆಚ್ಚೇನಲ್ಲ ಎಂದು ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ೨೦೦೫ರಿಂದ ವಾದಿಸಿದನು. ಆತನ ಆಧಾರ ಅಮೆರಿಕದಲ್ಲಿ ೧೯೭೫ರಿಂದ ಇಟ್ಟುಕೊಂಡು ಬಂದಿರುವ ಮಾರಕ ಅಪಘಾತಗಳ ದಾಖಲೆ. ಒಬ್ಬರಾದರೂ ಸತ್ತ ಅಪಘಾತ ಮಾತ್ರ ಅದರಲ್ಲಿ ಸೇರುತ್ತದೆ. ಸೀಟಿನ ದೆಸೆಯಿಂದ ಮಗು ಉಳಿದು, ಬೇರೆ ಯಾರೂ ಸಾಯದಿದ್ದರೆ ಆ ಅಪಘಾತ ದಾಖಲೆಗೆ ಬರುವುದೇ ಇಲ್ಲ. ವೀರಗಲ್ಲುಗಳಿಂದ ಯುದ್ಧದಲ್ಲಿ ಉಳಿದವರ ಸಂಖ್ಯೆಯನ್ನು ಎಣಿಸಹೊರಟಂತೆ ಇದು. ಲೆವಿಟ್ ಈ ದೋಷವನ್ನು ಅರಿತು, ಇನ್ನೊಂದು ವಾಹನದಲ್ಲಿ ಸಾವು ಸಂಭವಿಸಿದ ಅಪಘಾತಗಳಿಗೆ ಲೆಕ್ಕವನ್ನು ಸೀಮಿತಗೊಳಿಸಿ ಪರಿಹಾರವನ್ನೂ ಹುಡುಕಿದನು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಸಾಧಾರಣ ಅಪಘಾತಗಳ ಮಾದರಿಯನ್ನೂ ಸೇರಿಸಿ ಎಲಿಯಟ್ ಮತ್ತು ಸಂಗಡಿಗರು ೨೦೦೬ರಲ್ಲಿ ಲೆಕ್ಕಹಾಕಿದಾಗ, ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಸೀಟು ಬೆಲ್ಟಿಗಿಂತ ಸಾವಿನ ಅಪಾಯವನ್ನು ಶೇಕಡ ೨೮ರಷ್ಟು ತಗ್ಗಿಸುವುದೆಂದು ಕಂಡುಬಂದಿತು. ಸೀಟನ್ನು ತೀರ ತಪ್ಪಾಗಿ ಬಳಸಿದ ಸಂದರ್ಭಗಳನ್ನೂ ಸೇರಿಸಿದರೆ ಈ ಪ್ರಮಾಣ ಶೇಕಡ ೨೧ಕ್ಕೆ ಇಳಿಯಿತು.

ತಪ್ಪುಬಳಕೆ ಸಣ್ಣ ವಿಷಯವಲ್ಲ. ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಸರ್ಕಾರೀ ಸಮೀಕ್ಷೆಯಲ್ಲಿ, ನೋಡಿದ ಸೀಟುಗಳ ಪೈಕಿ ಶೇಕಡ ೭೨.೬ರಲ್ಲಿ ಅಪಾಯಕರವಾದ ತಪ್ಪು ಕಂಡುಬಂದಿತು. ಕಾರಿಗೆ ಕಟ್ಟಿದ ಬೆಲ್ಟು ಸಡಿಲ, ಮಗುವಿಗೆ ಕಟ್ಟಿದ ಪಟ್ಟಿ ಸಡಿಲ, ಇವೇ ಮುಖ್ಯ ತಪ್ಪುಗಳು. ಜಾರುಬಂಡಿಯ ಮೇಲೆ ಸೀಟನ್ನು ಕಟ್ಟುವವನು ನುರಿತವನು, ಮನೆಯ ಮುಂದೆ ಕಟ್ಟುವವನು ಅವಸರದಲ್ಲಿರುವ ತಂದೆ. ಅಮೆರಿಕದ ಇಲಾಖೆ ಸೀಟುಗಳಿಗೆ ನಕ್ಷತ್ರಗಳನ್ನು ಕೊಡುವಾಗ ಡಿಕ್ಕಿಯ ಫಲವನ್ನಲ್ಲ, ಬಳಕೆಯ ಸೌಲಭ್ಯವನ್ನು ಅಳೆಯುವುದಕ್ಕೆ ಇದೇ ಕಾರಣ.

ಹಿಮ್ಮುಖ ಸೀಟಿನ ಕಥೆಯೂ ಬೋಧಪ್ರದವಾಗಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಿಮ್ಮುಖ ಸೀಟು ಬಹಳ ಹೆಚ್ಚು ಸುರಕ್ಷಿತವೆಂದು ೨೦೦೭ರ ಒಂದು ಪ್ರಬಂಧ ಸಾರಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೧ರಲ್ಲಿ ‘ಎರಡು ವರ್ಷದವರೆಗೆ’ ಎಂಬ ಸಲಹೆಯನ್ನು ಕೊಟ್ಟಿತು. ಆದರೆ ಲೆಕ್ಕವನ್ನು ಮತ್ತೆ ಮಾಡಿದಾಗ ಆ ಫಲ ದೊರೆಯದೆ, ೨೦೧೭ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ೨೦೧೮ರಲ್ಲಿ ಅಕಾಡೆಮಿ ವಯಸ್ಸಿನ ಗಡಿಯನ್ನು ಕೈಬಿಟ್ಟು, ಸೀಟಿನ ಎತ್ತರ ಮತ್ತು ತೂಕದ ಮಿತಿ ಇರುವವರೆಗೆ ಹಿಮ್ಮುಖವಾಗಿಯೇ ಕೂರಿಸಿರಿ ಎಂದಿತು. ಒಂದು ಸಾಕ್ಷಿ ಬಿದ್ದುಹೋಯಿತು, ತೀರ್ಮಾನ ಬೀಳಲಿಲ್ಲ. ಕೊರಳಿನ ರಚನೆ, ಜಾರುಬಂಡಿಯ ಪರೀಕ್ಷೆ, ಸ್ವೀಡನ್ನಿನ ದೀರ್ಘಾನುಭವಗಳು ಅದನ್ನು ಹೊತ್ತು ನಿಂತಿದ್ದುವು.

೫

ಪರೀಕ್ಷೆಗಳು ಇಷ್ಟು ಎಡವುವುದಾದರೆ ತಾಯ ಮಡಿಲೇ ಲೇಸು ಎನ್ನುವವರು ಉಂಟು. ಇದಕ್ಕೂ ಇತಿಹಾಸ ಉತ್ತರವನ್ನಿತ್ತಿದೆ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸನ ಪ್ರಯತ್ನದಿಂದ ಟೆನೆಸೀ ರಾಜ್ಯ ೧೯೭೭ರಲ್ಲಿ ಮಕ್ಕಳ ಸೀಟನ್ನು ಕಡ್ಡಾಯಗೊಳಿಸಿದ ಮೊದಲ ಕಾನೂನನ್ನು ಮಾಡಿದಾಗ, ತೋಳಿನಲ್ಲಿ ಎತ್ತಿಕೊಂಡ ಮಗುವಿಗೆ ವಿನಾಯಿತಿಯನ್ನು ಸೇರಿಸಲಾಗಿದ್ದಿತು. ಸ್ಯಾಂಡರ್ಸ್ ಅದರ ವಿರುದ್ಧ ಹೋರಾಡಿ, ೧೯೮೧ರಲ್ಲಿ ಅದನ್ನು ತೆಗೆಸಿದನು. ಲೆಕ್ಕ ಸರಳವಾಗಿದೆ. ಗಂಟೆಗೆ ೫೦ ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನೋಣ. ಆಗ ೧೦ ಕಿಲೋಗ್ರಾಂ ತೂಕದ ಮಗುವನ್ನು ಹಿಡಿದುಕೊಳ್ಳುವುದು ಸುಮಾರು ೧೪೦ ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿದಂತೆ. ಯಾವ ತಾಯಿಯ ತೋಳಿಗೂ ಈ ಶಕ್ತಿಯಿಲ್ಲ. ತಾಯಿ ಬೆಲ್ಟು ಕಟ್ಟಿರದಿದ್ದರೆ ಅವಳ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಇತ್ತ, ಸೀಟುಗಳು ಒಂದು ವರ್ಷದೊಳಗಿನ ಶಿಶುಗಳ ಸಾವನ್ನು ಶೇಕಡ ೭೧ರಷ್ಟೂ ಒಂದರಿಂದ ನಾಲ್ಕು ವರ್ಷದವರ ಸಾವನ್ನು ಶೇಕಡ ೫೪ರಷ್ಟೂ ತಗ್ಗಿಸುತ್ತವೆ ಎಂಬುದು ಅಮೆರಿಕದ ಇಲಾಖೆಯ ಅಂದಾಜು. ಇಲ್ಲಿ ಹೋಲಿಕೆ ಏನನ್ನೂ ಕಟ್ಟದ ಮಗುವಿನೊಡನೆ ಎಂಬುದನ್ನು ಮರೆಯಕೂಡದು.

ನಮ್ಮ ದೇಶದಲ್ಲಿ ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ ೧೯೪-ಬಿ ಪ್ರಕರಣ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ ವಿಧಿಸುತ್ತದೆ. ೨೦೨೩ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳ ಬೊಂಬೆಗಳನ್ನು ಕೂರಿಸಿ ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸುತ್ತಾರೆ. ಮಕ್ಕಳ ರಕ್ಷಣೆಗೆ ೪೯ ಅಂಕಗಳಿವೆ. ಈ ಅಂಕಗಳು ಸಲ್ಲುವುದು ಕಾರಿಗೆ, ಅದೂ ತಯಾರಕರು ಸೂಚಿಸಿದ ಸೀಟುಗಳನ್ನು ಬಳಸಿದಾಗ. ಅಂಗಡಿಯಲ್ಲಿ ಕೊಂಡ ಮತ್ತೊಂದು ಸೀಟಿಗೆ ಅವನ್ನು ಅನ್ವಯಿಸಲಾಗದು. ನಮ್ಮಲ್ಲಿ ಮಕ್ಕಳು ಸಂಚರಿಸುವುದು ಕಾರಿನಲ್ಲಿ ಮಾತ್ರವೂ ಅಲ್ಲ. ದ್ವಿಚಕ್ರ ವಾಹನದ ಮೇಲಿನ ಚಿಕ್ಕ ಮಕ್ಕಳಿಗೆ ಹೆಲ್ಮೆಟ್ಟನ್ನೂ ಕಟ್ಟುಪಟ್ಟಿಯನ್ನೂ ವಿಧಿಸಿ, ವೇಗವನ್ನು ಗಂಟೆಗೆ ೪೦ ಕಿಲೋಮೀಟರಿಗೆ ಮಿತಗೊಳಿಸಿದ ನಿಯಮ ೨೦೨೨ರಲ್ಲಿ ಪ್ರಕಟವಾಯಿತು.

ಮೇಲಿನ ವಿವೇಚನೆಯಿಂದ ನಾವು ತಳೆಯುವ ಅಭಿಪ್ರಾಯ ಇದು. ‘ಪರೀಕ್ಷಿತ’ ಎಂಬ ಮುದ್ರೆಯನ್ನು ಶಾಸನದ ಸಾಲಿನಂತೆಯೇ ಓದಬೇಕು: ಯಾವ ದಿಕ್ಕಿನ ಡಿಕ್ಕಿ, ಯಾವ ವೇಗ, ಯಾವ ಬೊಂಬೆ, ಯಾವ ಪೀಠ, ಕಟ್ಟಿದವರು ಯಾರು? ಅಂಕಿಅಂಶಗಳಾದರೆ, ದಾಖಲೆಯೊಳಗೆ ಬಾರದೆ ಹೋದ ಮಕ್ಕಳು ಯಾರು? ಹೀಗೆ ಓದುವುದು ಅಪನಂಬಿಕೆಯಲ್ಲ. ೧೯೭೧ರ ಮುದ್ರೆಯನ್ನು ಯಾರೂ ಹೀಗೆ ಓದದಿದ್ದಲ್ಲಿ ಇಂದಿಗೂ ಸೀಟುಗಳನ್ನು ಮೆಲ್ಲನೆ ಜಗ್ಗಿಯೇ ನೋಡುತ್ತಿದ್ದರೇನೋ. ಸೀಟಿನಲ್ಲಿ ಕುಳಿತ ಮಗುವಿಗೆ ಈ ಪ್ರಶ್ನೆಗಳನ್ನು ಕೇಳುವ ಶಕ್ತಿಯಿಲ್ಲವಾದ್ದರಿಂದ ಅವನ್ನು ಅದರ ಪರವಾಗಿ ಕೇಳುವ ಹೊಣೆ ಓದುಬರೆಹ ಬಲ್ಲವರ ಮೇಲಿದೆ.