ಹಿಮದ ಮೇಲೊಂದು ಕಾಲೇಜು ಪಂದ್ಯ

ಕಾಲೇಜು ಪಂದ್ಯ ಅಂದರೆ ನಮಗೆ ನೆನಪಾಗೋದು ಕಬಡ್ಡಿ, ವಾಲಿಬಾಲ್. ಅಮೆರಿಕದ ಕಾಲೇಜುಗಳು ಹಿಮದ ಮೇಲೆ ಜಾರುವುದಕ್ಕೂ ರಾಷ್ಟ್ರಮಟ್ಟದ ಪಂದ್ಯ ಇಟ್ಟುಕೊಂಡಿವೆ!

ಎನ್‌ಸಿಎಎ ಇದನ್ನು ಶುರು ಮಾಡಿದ್ದು 1954ರಲ್ಲಿ, ನೆವಾಡಾದ ರೀನೋ ಬಳಿ. ಗೆದ್ದದ್ದು ಡೆನ್ವರ್ ವಿಶ್ವವಿದ್ಯಾಲಯ. ಅದರ ಕೋಚ್ ವಿಲ್ಲಿ ಶೇಫ್ಲರ್ ಜರ್ಮನಿಯಿಂದ ಬಂದವರು. 1970ರೊಳಗೆ 13 ಪ್ರಶಸ್ತಿ ಗೆದ್ದುಕೊಂಡರು, ಅದರಲ್ಲಿ 1961ರಿಂದ 67ರವರೆಗೆ ಸಾಲಾಗಿ ಏಳು. ಉಳಿದ ಕಾಲೇಜುಗಳ ಹೊಟ್ಟೆ ಎಷ್ಟು ಉರಿದಿರಬೇಡ... ಮುಂದೆ 1972ರಿಂದ 79ರವರೆಗೆ ಕೊಲೊರಾಡೋ ಸರದಿ. ನಡುವೆ 1976ರಲ್ಲಿ ಮಾತ್ರ ಡಾರ್ಟ್ಮತ್ ಜೊತೆ ಹಂಚಿಕೊಳ್ಳಬೇಕಾಯಿತು.

ಮೊದಲೆಲ್ಲ ಇಳಿಜಾರಿನ ಓಟ, ಕ್ರಾಸ್‌ಕಂಟ್ರಿಗಳ ಜೊತೆ ಸ್ಕೀ ಜಂಪಿಂಗೂ ಇತ್ತು. ಎಲ್ಲದರಲ್ಲೂ ಪಳಗಿದವನಿಗೆ 'ಸ್ಕೀಮೈಸ್ಟರ್' ಎಂಬ ಬಿರುದು. 1980ರ ನಂತರ ಜಂಪಿಂಗ್ ಕೈಬಿಟ್ಟರು. ಗಾಳಿಯಲ್ಲಿ ಹಾರುವುದನ್ನು ತೆಗೆದಮೇಲೆ ನೋಡುವವರಿಗೆ ಏನು ಉಳಿಯಿತು ಅನ್ನೋದು ನನ್ನ ತಕರಾರು.

ಆದರೆ ದೊಡ್ಡ ಬದಲಾವಣೆ ಬೇರೆಯದು. 1982ರವರೆಗೆ ಇದು ಬರೀ ಗಂಡಸರ ಪಂದ್ಯ. ಹೆಣ್ಣುಮಕ್ಕಳಿಗೆ 1977ರಿಂದ ಬೇರೊಂದು ಸಂಘ ಪ್ರತ್ಯೇಕವಾಗಿ ನಡೆಸುತ್ತಿತ್ತು. 1983ರಲ್ಲಿ ಎರಡನ್ನೂ ಕೂಡಿಸಿ, ಇಬ್ಬರ ಅಂಕಗಳನ್ನೂ ಒಟ್ಟು ಹಾಕಿ ಒಂದೇ ಟ್ರೋಫಿ ಮಾಡಿದರು. ಗಂಡಸರು ಎಷ್ಟೇ ವೇಗವಾಗಿ ಜಾರಲಿ, ಹೆಣ್ಣುಮಕ್ಕಳ ತಂಡ ಸೊರಗಿದ್ದರೆ ಗೆಲ್ಲೋದು ಕಷ್ಟ! ಆ ವರ್ಷ ಗೆದ್ದದ್ದು ಯೂಟಾ.

ಅದೇ ಯೂಟಾ 2020ರ ಮಾರ್ಚ್‌ನಲ್ಲಿ ಮೊಂಟಾನಾದ ಬೋಝ್‌ಮನ್‌ನಲ್ಲಿ ಮುಂದಿತ್ತು. ಅರ್ಧ ಸ್ಪರ್ಧೆ ಮುಗಿದಿತ್ತು, ಅಷ್ಟರಲ್ಲಿ ಕೊರೊನಾ. ಪಂದ್ಯ ಅಲ್ಲಿಗೇ ನಿಂತಿತು. ಆ ವರ್ಷದ ಟ್ರೋಫಿ ಯಾರಿಗೂ ಸಿಗಲಿಲ್ಲ.