ಭಾರವೆತ್ತುವ ತೋಳಿನ ಚರಿತ್ರೆ

ರಾಜ್ಯಗಳಿಗೆ ಚರಿತ್ರೆಯುಂಟು, ಯುದ್ಧಗಳಿಗೆ ಚರಿತ್ರೆಯುಂಟು. ನೋವಿಗೂ ಒಂದು ಚರಿತ್ರೆಯುಂಟೆಂದರೆ ಓದುಗರು ನಕ್ಕಾರು. ಆದರೆ ಮನುಷ್ಯನು ತನ್ನ ಶಕ್ತಿಗೆ ಮೀರಿದ ಭಾರವನ್ನು ಎತ್ತತೊಡಗಿದ ದಿನದಿಂದಲೂ ಅವನ ಮೊಣಕೈ ನೋಯುತ್ತಲೇ ಬಂದಿದೆ. ಆ ನೋವಿಗೆ ಅವನು ಇಟ್ಟ ಹೆಸರು, ಹುಡುಕಿದ ಕಾರಣ, ಮಾಡಿದ ಮದ್ದು, ಇವು ಮಾತ್ರ ಕಾಲಕಾಲಕ್ಕೆ ಬದಲಾಗಿವೆ. ಈ ಬದಲಾವಣೆಯ ಕಥೆ ಬಹಳ ಸ್ವಾರಸ್ಯವಾದದ್ದು.

ನಮ್ಮ ಬಡಾವಣೆಯ ಜಿಮ್‌ಗೆ ಹೋಗಿಬರುವ ಒಬ್ಬ ತರುಣನನ್ನು ನಾನು ಬಲ್ಲೆ. ರಟ್ಟೆ ದಿನೇದಿನೇ ತುಂಬಿಕೊಳ್ಳುತ್ತಿದೆ. ಮೊಣಕೈಗೆ ಮಾತ್ರ ಸದಾ ಒಂದು ಕರಿಯ ಪಟ್ಟಿ. “ಅರವತ್ತು ಕಿಲೋ ಎತ್ತುತ್ತೇನೆ ಸಾರ್, ಆದರೆ ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸೋಕೆ ಆಗೋಲ್ಲ. ಡಾಕ್ಟರು ಟೆನಿಸ್ ಎಲ್ಬೋ ಅಂದರು. ನಾನು ಟೆನಿಸ್ ಬ್ಯಾಟನ್ನು ಮುಟ್ಟಿದವನೇ ಅಲ್ಲ!” ಎಂದು ಅವನು ಅಲವತ್ತುಕೊಂಡ. ಅವನ ದೂರು ನ್ಯಾಯವಾದದ್ದೇ. ಆ ಹೆಸರಿನ ಜಾಡು ಹಿಡಿದು ಹೋದಾಗ ನನಗೆ ಕಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ನಮ್ಮವರ ಮಾತು. ಸುಶ್ರುತಸಂಹಿತೆಯಲ್ಲಿ ಮೊಣಕೈಗೆ ಕೂರ್ಪರವೆಂದು ಹೆಸರು, ಅದು ಮರ್ಮಸ್ಥಾನಗಳಲ್ಲೊಂದು. ಅಲ್ಲಿ ಪೆಟ್ಟುಬಿದ್ದರೆ ಪ್ರಾಣ ಹೋಗುವುದಿಲ್ಲ, ಕೈ ಸೊಟ್ಟಾಗುತ್ತದೆ ಎಂದು ಗ್ರಂಥಕಾರನ ಎಚ್ಚರಿಕೆ. ಅದೇ ಗ್ರಂಥ ವ್ಯಾಯಾಮವನ್ನು ಬಾಯ್ತುಂಬ ಹೊಗಳಿ, ಜೊತೆಗೇ ಒಂದು ಮಿತಿಯನ್ನೂ ಹಾಕುತ್ತದೆ: ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದು, ಮೀರಿದರೆ ಅದೇ ಮಾರಕ. ಎದೆಯ ಉಸಿರು ಬಾಯಿಗೆ ಬಂದಾಗ ಅರ್ಧ ಬಲ ಮುಗಿಯಿತೆಂದು ತಿಳಿಯಬೇಕಂತೆ. ಹಾಗೆಂದು ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗಬೇಕಾಗಿಲ್ಲ. ಆ ನಿಯಮ ಇಡೀ ದೇಹದ ಆಯಾಸಕ್ಕೆ ಸಂಬಂಧಿಸಿದ್ದು. ಉಸಿರು ಬಾಯಿಗೆ ಬರುವುದಕ್ಕೆ ಮೊದಲೇ ಮೊಣಕೈ ಸೋತಿರಬಹುದು. ಸೋತದ್ದನ್ನು ಅದು ಆ ಹೊತ್ತಿಗೆ ಹೇಳುವುದೂ ಇಲ್ಲ. ಇಲ್ಲಿಯೇ ಇರುವುದು ಈ ನೋವಿನ ಗುಟ್ಟು.

ಆ ಗುಟ್ಟಿನ ಮೊದಲ ಎಳೆಯನ್ನು ಬಿಡಿಸಿದವನು ಇಟಲಿಯ ಬೊರೆಲ್ಲಿ. ಅವನು 1679ರಲ್ಲಿ ತೀರಿಕೊಂಡ ಮೇಲೆ, 1680-81ರಲ್ಲಿ, ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥ ಅಚ್ಚಾಯಿತು. ಸನ್ನೆಕೋಲಿನ ಲೆಕ್ಕವನ್ನು ಅವನು ಮನುಷ್ಯನ ಕೈಕಾಲುಗಳಿಗೆ ಅನ್ವಯಿಸಿ ನೋಡಿದ. ಹೂವಾಡಗಿತ್ತಿ ಮೊಳ ಹಾಕುವುದನ್ನು ನೆನೆಸಿಕೊಳ್ಳಿ: ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಅದರಲ್ಲಿ ಅಂಗೈಯವರೆಗಿನ ದೂರ ಸುಮಾರು 35 ಸೆಂಟಿಮೀಟರ್. ಆದರೆ ಕೈಯನ್ನು ಮಡಿಸುವ ರಟ್ಟೆಯ ಸ್ನಾಯು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈಯಿಂದ ಕೇವಲ ಐದು ಸೆಂಟಿಮೀಟರಿನಷ್ಟು ದೂರದಲ್ಲಿ. ಅಂಗೈಯಲ್ಲಿ ಹತ್ತು ಕಿಲೋ ತೂಕವಿದ್ದರೆ ಆ ಸ್ನಾಯು ಅದರ ಏಳರಷ್ಟು, ಅಂದರೆ ಎಪ್ಪತ್ತು ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು. ಕೈ ವೇಗವಾಗಿ ಚಲಿಸಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಭಾರವೆತ್ತುವವನು ಆ ವೇಗಕ್ಕೆ ಬಡ್ಡಿ ಸಮೇತ ಬೆಲೆ ತೆರುತ್ತಾನೆ.

ಬೊರೆಲ್ಲಿಯ ನಂತರ ಅದೇ ಇಟಲಿಯಲ್ಲಿ ರಾಮಾಜಿನಿ ಎಂಬ ವೈದ್ಯ ಬಂದ. ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಆತ ಬರೆದ ಪುಸ್ತಕದಲ್ಲಿ ಹೊರೆ ಹೊರುವ ಕೂಲಿಗಳೂ ಇದ್ದಾರೆ. ಜೀವಮಾನವೆಲ್ಲ ಬರೆದು ಬಲಗೈ ಸೋತ ಒಬ್ಬ ನೋಟರಿಯ ಸಂಗತಿಯನ್ನು ಆತ ಮುಂದೆ ವಿವರಿಸಿದ. ಆ ಬಡಪಾಯಿ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಕೆಲವೇ ಕಾಲದಲ್ಲಿ ಎಡಗೈಯೂ ಅದೇ ಹಾದಿ ಹಿಡಿಯಿತು. ಲೇಖನಿಯ ತೂಕವೆಷ್ಟು? ಅದಕ್ಕೇ ಕೈ ಸೋತಿತೆಂದರೆ ನೋವಿಗೆ ತೂಕವೊಂದೇ ಕಾರಣವಲ್ಲ. ಬಿಡುವಿಲ್ಲದ ಪುನರಾವೃತ್ತಿಯೂ ಕಾರಣ.

ಮೊಣಕೈಯ ಹೊರಬದಿಯ ನೋವನ್ನು ವೈದ್ಯಶಾಸ್ತ್ರದಲ್ಲಿ ಮೊದಲು ವಿವರಿಸಿದ ಕೀರ್ತಿ ಜರ್ಮನಿಯ ರುಂಗೆಗೆ ಸಲ್ಲುತ್ತದೆ. 1873ರಲ್ಲಿ ಆತ ಬರೆದದ್ದೂ ಬರವಣಿಗೆಯವರ ಕೈನೋವನ್ನು ಕುರಿತೇ. ಮರುವರ್ಷ ಇಂಗ್ಲೆಂಡಿನಲ್ಲಿ ವಿಂಗ್‌ಫೀಲ್ಡ್ ಎಂಬ ಮೇಜರನು ಲಾನ್ ಟೆನಿಸ್ ಆಟಕ್ಕೆ ಪೇಟೆಂಟು ಪಡೆದ. ಸಿರಿವಂತರು ಹುಲ್ಲುಹಾಸಿಗೆ ಇಳಿದರು. ಅವರ ಕೈ ನೋಯತೊಡಗಿತು. 1882ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರಿಸ್ ‘ಲಾನ್ ಟೆನಿಸ್ ತೋಳು’ ಎಂದು ಬರೆದ. ಮರುವರ್ಷ ಮೇಜರ್ ಎಂಬ ಹೆಸರಿನ ಇನ್ನೊಬ್ಬ ವೈದ್ಯ ಅದನ್ನು ‘ಲಾನ್ ಟೆನಿಸ್ ಮೊಣಕೈ’ ಎಂದು ಕರೆದ. ಶತಮಾನಗಳಿಂದ ಬಡಗಿ, ಕಮ್ಮಾರ, ಅಗಸರ ಕೈಗಳಲ್ಲಿ ಅನಾಮಧೇಯವಾಗಿದ್ದ ನೋವಿಗೆ ಹತ್ತು ವರ್ಷದ ಆಟವೊಂದು ನಾಮಕರಣ ಮಾಡಿತು! ರೋಗದ ಹೆಸರೂ ದೊಡ್ಡವರ ಮನೆಯಿಂದಲೇ ಬರಬೇಕೇನೋ.

ಭಾರ ಎತ್ತುವುದು ಆ ಹೊತ್ತಿಗಾಗಲೇ ಯೂರೋಪಿನಲ್ಲಿ ಪ್ರದರ್ಶನವಾಗಿ, ಸ್ಪರ್ಧೆಯಾಗಿ ಬೆಳೆಯುತ್ತಿತ್ತು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಡೆನ್ಮಾರ್ಕಿನ ವಿಗ್ಗೊ ಯೆನ್ಸೆನ್ ಎರಡು ಕೈಗಳಿಂದ 111.5 ಕಿಲೋ ಎತ್ತಿ ಗೆದ್ದ. ಇನ್ನೂ ಹೆಚ್ಚು ಎತ್ತಲು ಹೋಗಿ ಹೆಗಲಿಗೆ ನೋವು ಮಾಡಿಕೊಂಡ. ಒಂದು ಕೈಯ ಸ್ಪರ್ಧೆಯಲ್ಲಿ 71 ಕಿಲೋ ಎತ್ತಿದ ಎಲಿಯಟ್ಟನ ಎದುರು ಸೋತ. ಆಧುನಿಕ ಒಲಿಂಪಿಕ್ಸಿನ ಮೊದಲ ಭಾರ ಎತ್ತುವ ಸ್ಪರ್ಧೆಯಲ್ಲಿಯೇ ಗೆಲುವೂ ಗಾಯವೂ ಒಬ್ಬನಲ್ಲೇ ಸೇರಿದ್ದವು.

ನಮ್ಮ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಂದಿಗೂ ಜನ ಕೂಡಿಸುತ್ತದೆ. ಮೈಸೂರಿನ ಗರಡಿಗಳಲ್ಲಿ ದಂಡೆ, ಬಸ್ಕಿ, ಗದೆಗಳ ಸಾಮು ತಲೆಮಾರುಗಳಿಂದ ನಡೆದುಬಂದಿದೆ. ಗರಡಿಯಲ್ಲಿ ಕೈ ಉಳುಕಿದರೆ ಗರಡಿಯಲ್ಲೇ ಮದ್ದು. ಜಟ್ಟಿಗಳು ಕುಸ್ತಿಯಷ್ಟೇ ತಪ್ಪಿದ ಕೀಲನ್ನು ಕೂಡಿಸುವುದರಲ್ಲೂ ಹೆಸರಾದವರು. ಮನೆಗಳಲ್ಲಾದರೆ ಎಣ್ಣೆ ಸವರಿ ಬಿಸಿಮಾಡಿದ ಎಕ್ಕದ ಎಲೆ, ಉಪ್ಪಿನ ಗಂಟಿನ ಶಾಖ. ಆ ಶಾಖದ ಹಿತವನ್ನು ನಾನೂ ಉಂಡಿದ್ದೇನೆ. ಅದು ಬೇರನ್ನು ಮುಟ್ಟದಿರಬಹುದು. ಆದರೆ ಆ ರಾತ್ರಿ ನಿದ್ರೆ ಬರಿಸುತ್ತದೆ.

ಯೂಜಿನ್ ಸ್ಯಾಂಡೋ 1904-05ರಲ್ಲಿ ಭಾರತ ಪ್ರವಾಸ ಮಾಡಿದ ಮೇಲೆ ಡಂಬೆಲ್ಲಿನ ಹುಚ್ಚು ನಮ್ಮ ನಗರಗಳಲ್ಲೂ ಬೆಳೆಯಿತು. ಬೆಂಗಳೂರಿನಲ್ಲಿ ಅದಕ್ಕೊಂದು ಶಿಸ್ತನ್ನು ತಂದವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಪ್ರೊಫೆಸರ್ ಕೆ. ವಿ. ಅಯ್ಯರ್. ತಮ್ಮ ಹರ್ಕ್ಯುಲಿಸ್ ಜಿಮ್ನಾಸಿಯಂನಲ್ಲಿ ಅವರು ಕಬ್ಬಿಣದ ಭಾರದ ಜೊತೆಗೆ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಕೂಡಿಸಿದರು. ಎಷ್ಟು ಎತ್ತಿದೆ ಎಂಬುದಕ್ಕಿಂತ ದೇಹ ಹೇಗೆ ರೂಪುಗೊಂಡಿತು ಎಂಬುದರ ಮೇಲೆ ಅವರ ಕಣ್ಣು. ಭಾರವನ್ನು ಸಾಧನವೆಂದು ಕಂಡವನ ಕೈಗೂ, ಭಾರವನ್ನೇ ಗುರಿಯೆಂದು ಕಂಡವನ ಕೈಗೂ ಬಹಳ ಅಂತರವಿದೆ ಎಂದು ನನ್ನ ಎಣಿಕೆ.

ಇನ್ನು ಚಿಕಿತ್ಸೆಯ ಕಥೆ. ನೋವಿದ್ದಲ್ಲಿ ಉರಿಯೂತವಿರಲೇಬೇಕು ಎಂಬುದು ಬಹುಕಾಲದ ನಂಬಿಕೆ. ಕಾರ್ಟಿಸೋನ್ ಔಷಧ ಸಂಧಿವಾತದ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿತು; ಅದಕ್ಕೆ 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಅದರ ವರ್ಗದ ಔಷಧಗಳನ್ನು ನೋಯುವ ಮೊಣಕೈಗೂ ಚುಚ್ಚತೊಡಗಿದರು. ನೋವು ಮಾಯವಾಯಿತು, ರೋಗಿಗೂ ವೈದ್ಯನಿಗೂ ಸಂತೋಷ. ಆದರೆ 1979ರಲ್ಲಿ ಅಮೆರಿಕದ ನರ್ಶಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು, ಕೊಯ್ದು ತೆಗೆದ ಭಾಗವನ್ನು ಪರೀಕ್ಷಿಸಿ ಬೇರೆಯೇ ಸಂಗತಿಯನ್ನು ವರದಿಮಾಡಿದರು. ಸ್ನಾಯುವನ್ನು ಮೂಳೆಗೆ ಬಿಗಿಯುವ ಬಿಳಿಯ ನಾರಿನ ಹುರಿ, ಅಂದರೆ ಸ್ನಾಯುರಜ್ಜು, ಕ್ರಮಗೆಟ್ಟು ಸಿಕ್ಕುಸಿಕ್ಕಾಗಿತ್ತು. ನಿರೀಕ್ಷಿಸಿದ್ದ ಉರಿಯೂತದ ಲಕ್ಷಣಗಳು ಅಲ್ಲಿರಲಿಲ್ಲ. ಅದು ಬೆಂಕಿ ಬಿದ್ದ ಮನೆಯಲ್ಲ, ರಿಪೇರಿ ಅರ್ಧಕ್ಕೆ ನಿಂತ ಮನೆ!

ರಿಪೇರಿ ಏಕೆ ಹಿಂದೆ ಬೀಳುತ್ತದೆ? ಸ್ನಾಯುವಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ಕೆಲವೇ ವಾರಗಳ ಸಾಧನೆಗೆ ಅದು ಬಲಿಯುತ್ತದೆ. ಹುರಿಗೆ ರಕ್ತದ ಪೂರೈಕೆ ಕಡಿಮೆ, ಅದರ ನಡಿಗೆ ನಿಧಾನ. ಎಷ್ಟು ನಿಧಾನವೆಂಬುದಕ್ಕೆ 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ವಿಚಿತ್ರವಾದ ಸಾಕ್ಷಿಯೊಂದನ್ನು ಒದಗಿಸಿದರು. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಿ, ಆಹಾರದ ಮೂಲಕ ಅಂದಿನ ಮನುಷ್ಯರ ಮೈ ಸೇರಿತ್ತು. ಹಿಮ್ಮಡಿಯ ಹುರಿಯಲ್ಲಿ ಅದನ್ನು ಅಳೆದಾಗ, ಆ ಹುರಿಯ ತಿರುಳು ಹದಿನೇಳನೆಯ ವಯಸ್ಸಿನ ಹೊತ್ತಿಗೆ ರೂಪುಗೊಂಡು, ಆಮೇಲೆ ಹೆಚ್ಚುಕಡಮೆ ಬದಲಾಗುವುದೇ ಇಲ್ಲವೆಂದು ಕಂಡುಬಂತು. ಮೊಣಕೈಯ ಹುರಿಯೂ ಅದೇ ಜಾತಿಯದು. ರಟ್ಟೆ ಮೂರು ತಿಂಗಳಲ್ಲಿ ಹೊಸದಾದೀತು. ಅದನ್ನು ಮೂಳೆಗೆ ಕಟ್ಟಿರುವ ಹಗ್ಗ ಹಳೆಯದೇ. ಎತ್ತು ಬಲಿತಿದೆಯೆಂದು ಹಳೆಯ ಮಿಣಿಯಲ್ಲಿ ದುಪ್ಪಟ್ಟು ಹೇರು ಎಳೆಸಿದಂತೆ ಇದು.

ಹಾಗಾದರೆ ವಿಶ್ರಾಂತಿಯೇ ಮದ್ದೆ? ಇಲ್ಲಿ ಕಥೆ ಇನ್ನೊಂದು ತಿರುವು ಪಡೆಯುತ್ತದೆ. ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್‌ಗೆ ಹಿಮ್ಮಡಿಯ ಹುರಿಯ ನೋವು. ಶಸ್ತ್ರಕ್ರಿಯೆ ಮಾಡಿರೆಂದು ಕೇಳಿದರೆ ಮೇಲಧಿಕಾರಿ ಒಪ್ಪಲಿಲ್ಲ. ನೋವು ಇನ್ನಷ್ಟು ಹೆಚ್ಚಿದರೆ ಒಪ್ಪಲೇಬೇಕಾದೀತೆಂದು ಆತ ಹಟದಿಂದ ಹಿಮ್ಮಡಿಗೆ ಭಾರ ಹೇರಿ, ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮಕ್ಕೆ ತೊಡಗಿದ. ಆದದ್ದೇ ಬೇರೆ: ನೋವು ಹೋಯಿತು! 1998ರಲ್ಲಿ, ಹನ್ನೆರಡು ವಾರಗಳ ಈ ಅಭ್ಯಾಸದಿಂದ ಹದಿನೈದು ಮಂದಿ ಓಟಗಾರರು ಮತ್ತೆ ಓಡಿದ ವಿಷಯವನ್ನು ಆತ ಪ್ರಕಟಿಸಿದ. ಹುರಿಗೆ ಬೇಕಾದದ್ದು ಸಂಪೂರ್ಣ ನಿಶ್ಚಲತೆಯಲ್ಲ, ಅಳೆದು ಕೊಟ್ಟ ಭಾರ ಎಂಬ ವಿಚಾರ ಇದರಿಂದ ಬಲಗೊಂಡು ಮೊಣಕೈಯ ಚಿಕಿತ್ಸೆಗೂ ಹಬ್ಬಿತು.

ಚುಚ್ಚುಮದ್ದಿನ ಗತಿಯೇನಾಯಿತು? ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 198 ರೋಗಿಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಂದಕ್ಕೆ ಚುಚ್ಚುಮದ್ದು, ಒಂದಕ್ಕೆ ಅಂಗಮರ್ದನ ಸಹಿತ ವ್ಯಾಯಾಮ, ಇನ್ನೊಂದಕ್ಕೆ ಬರಿಯ ಸಲಹೆ ಮತ್ತು ಕಾಯುವಿಕೆ. ಆರು ವಾರಕ್ಕೆ ಚುಚ್ಚುಮದ್ದೇ ಗೆದ್ದಿತು. ಆದರೆ ಅದರಿಂದ ಗುಣವಾದೆವೆಂದ 65 ಮಂದಿಯಲ್ಲಿ 47 ಮಂದಿಗೆ ನೋವು ಮರುಕಳಿಸಿತು. ವರ್ಷ ತುಂಬುವ ವೇಳೆಗೆ, ಏನೂ ಮಾಡದೆ ಕಾದವರೇ ಅವರಿಗಿಂತ ಮೇಲಾಗಿದ್ದರು. ಬೇಗ ತೀರಿದ ಸಾಲದ ಹಿಂದೆ ಹೊಸ ಸಾಲವೊಂದು ಅಡಗಿತ್ತು!

ಈ ಚರಿತ್ರೆಯಿಂದ ಭಾರವೆತ್ತುವವರು ಕಲಿಯಬಹುದಾದದ್ದು ಇಷ್ಟು. ಹಿಡಿ ಬಿಗಿದು, ಅಂಗೈ ಕೆಳಮುಖ ಮಾಡಿ ಎತ್ತುವವರಿಗೆ ಸಾಮಾನ್ಯವಾಗಿ ಮೊಣಕೈಯ ಹೊರಬದಿ ನೋಯುತ್ತದೆ. ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆಯುವವರಿಗೆ ಒಳಬದಿ. ಭಾರವನ್ನು ತಳ್ಳುವವರಿಗೆ ಹಿಂಬದಿ. ಯಾವ ವರಸೆ ನೋಯಿಸುತ್ತದೆಂದು ಕಂಡುಕೊಂಡು ಅದರ ಭಾರವನ್ನು ಇಳಿಸಬೇಕು. ಕೈಯನ್ನು ಪೂರ್ತಿ ಕಟ್ಟಿಹಾಕಬಾರದು. ಕಡಿಮೆ ತೂಕವನ್ನು ನಿಧಾನವಾಗಿ ಇಳಿಸುತ್ತ ಅಭ್ಯಾಸ ಮಾಡಬೇಕು. ಸ್ವಲ್ಪ ನೋವು ತೋರಿ ಮರುದಿನಕ್ಕೆ ಅಡಗಿದರೆ ಭಯವಿಲ್ಲ. ಮರುದಿನ ಹೆಚ್ಚಿದರೆ ಭಾರ ಹೆಚ್ಚಾಯಿತೆಂದು ಅರ್ಥ. ವಾರಗಳಲ್ಲ, ತಿಂಗಳುಗಳ ತಾಳ್ಮೆ ಬೇಕು. ಆದರೆ ಎತ್ತುವಾಗ ‘ಟಪ್ಪೆಂದು’ ಸದ್ದಾಗಿ ರಟ್ಟೆಯ ಆಕಾರ ಕೆಟ್ಟರೆ, ಕೀಲು ಸರಿದರೆ, ಬೆರಳು ಜೋಮು ಹಿಡಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಕಂಚು ಗೆದ್ದ ದಿನವೇ, ಸಾಂಗ್ಲಿಯ ಸಂಕೇತ್ ಸರ್ಗರ್ ಬಲ ಮೊಣಕೈಗೆ ಪೆಟ್ಟು ಮಾಡಿಕೊಂಡು ಒಂದೇ ಒಂದು ಕಿಲೋದಿಂದ ಚಿನ್ನ ಕಳೆದುಕೊಂಡು ಬೆಳ್ಳಿ ಪಡೆದ. ಆ ಕೈಗೆ ಮುಂದೆ ಶಸ್ತ್ರಕ್ರಿಯೆಯೇ ಆಗಬೇಕಾಯಿತು. ಅಂಥ ಗಾಯಕ್ಕೆ ಎಕ್ಕದ ಎಲೆ ಸಾಲದು.

ಇಷ್ಟು ಬರೆದ ಮೇಲೂ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ‘ಭಾರ ಇಳಿಸು, ನಿಧಾನವಾಗಿ ಏರಿಸು’ ಎಂಬ ಸಲಹೆ, ತನ್ನ ಕೈಗೆ ತಾನೇ ಯಜಮಾನನಾಗಿರುವವನಿಗೆ ಮಾತ್ರ ನಡೆಯುವಂಥದು. ಜಿಮ್ಮಿನ ತರುಣ ನಾಳೆಯೇ ಹತ್ತು ಕಿಲೋ ಇಳಿಸಬಲ್ಲ. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ ಯಾರನ್ನು ಕೇಳಿ ಇಳಿಸಬೇಕು? ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರದಿರಲೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಆದರೆ ಆ ಲೆಕ್ಕ ಒಂದು ಮೂಟೆಗೆ ಸಂಬಂಧಿಸಿದ್ದು. ದಿನಕ್ಕೆ ಎಷ್ಟು ಮೂಟೆ ಎಂಬುದನ್ನು ನಿಶ್ಚಯಿಸುವುದು ಹಸಿವು. ರೋಗಿ ಬಂದೊಡನೆ ವೈದ್ಯನು ಕೇಳುವ ಪ್ರಶ್ನೆಗಳ ಸಾಲಿಗೆ ರಾಮಾಜಿನಿ ತನ್ನದೊಂದನ್ನು ಸೇರಿಸಿದ್ದ: “ನಿನ್ನ ಕಸುಬೇನು?” ಮೂರು ಶತಮಾನಗಳು ಕಳೆದರೂ, ನೋಯುವ ಮೊಣಕೈಯನ್ನು ಮುಟ್ಟಿ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಅದೇ.