ಉಯಿಲಿನ ದೊರೆ, ಚೆಕ್ಕುಬಂದಿಯ ನೆರೆಯವರು

ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆಯ ಹೋಂಸ್ಟೇಗಳ ಜಗಲಿಯಲ್ಲಿ ಈಗ ಒಂದು ಚೌಕಟ್ಟು ತೂಗುವುದು ಸಾಮಾನ್ಯ. ದಪ್ಪ ಟೋಪಿಯ ದೊರೆ, ಅವನ ಕಾಲಬುಡದಲ್ಲಿ ಸತ್ತ ಹುಲಿ, ಕೆಳಗೆ ನಾಲ್ಕು ಸಾಲು: ಬರೀ ಕಾಡಾಗಿದ್ದ ಜಾಗಕ್ಕೆ ಬಂದ, ಒಬ್ಬನೇ ನಿಂತು ತೋಟ ಎಬ್ಬಿಸಿದ. ಮೂವತ್ತು ವರ್ಷಗಳಿಂದ ತೋಟದ ಮನೆತನಗಳ ಕಾಗದ ಹುಡುಕುತ್ತ ಬಂದಿರುವ ನನ್ನ ತಕರಾರು ಎರಡು ಮಾತುಗಳ ಮೇಲೆ, ‘ಬರೀ ಕಾಡು’ ಮತ್ತು ‘ಒಬ್ಬನೇ’. ಎರಡಕ್ಕೂ ಕಾಗದದಲ್ಲೇ ಉತ್ತರವಿದೆ. ಯಾವ ಕಾಗದದಲ್ಲಿ ಎಂದು ತಿಳಿಯಲು ತೋಟದ ಮನೆತನಗಳ ಅಧ್ಯಯನಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆ ಅಧ್ಯಯನದ ಮೊದಲ ಘಟ್ಟವನ್ನು ಬೇಗ ದಾಟಬಹುದು. ಮೈಸೂರು 1831ರಲ್ಲಿ ಬ್ರಿಟಿಷರ ಆಡಳಿತಕ್ಕೆ ಹೋಯಿತು, ಕೊಡಗು 1834ರಲ್ಲಿ. 1840ರ ಸುಮಾರಿಗೆ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ಕ್ಯಾನನ್, 1843ರಲ್ಲಿ ಮಂಜರಾಬಾದಿನಲ್ಲಿ ಗ್ರೀನ್, 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ತೋಟ ಹಾಕಿದರು. ರಿಕ್ಟರ್ ಪಾದ್ರಿಯ ಕೊಡಗಿನ ಕೈಪಿಡಿ (1870) ಮತ್ತು ಬಿ.ಎಲ್. ರೈಸ್ ಅವರ ಗೆಜೆಟಿಯರು ದಾಖಲಿಸಿದ್ದು ಇಂಥ ಹೆಸರುಗಳನ್ನೇ. ಮಂಜರಾಬಾದಿನ ತೋಟಗಾರ ರಾಬರ್ಟ್ ಎಚ್. ಎಲಿಯಟ್ 1871ರಲ್ಲಿ ಎರಡು ಸಂಪುಟಗಳ ಅನುಭವಕಥನ ಬರೆದ. 1894ರಲ್ಲಿ ಚಿನ್ನ, ಶಿಕಾರಿ, ಕಾಫಿ ಮೂರನ್ನೂ ಶೀರ್ಷಿಕೆಯಲ್ಲೇ ಹೊತ್ತ ಇನ್ನೊಂದು ಪುಸ್ತಕ ತಂದ. ಹೋಂಸ್ಟೇ ಬೋರ್ಡುಗಳ ಅಜ್ಜ ಈ ಎಲಿಯಟ್ಟೇ. ಬರವಣಿಗೆ ಸೊಗಸಾಗಿದೆ, ಆದರೆ ತನ್ನ ನೆರೆಯವರ ವಿಷಯಕ್ಕೆ ಬಂದಾಗ ಅವನನ್ನು ಪೂರ್ತಿ ನಂಬಲಾಗದು. 1905ರಲ್ಲಿ ಜೆ.ಜೆ. ಕಾಟನ್ ಮದ್ರಾಸ್ ಪ್ರಾಂತ್ಯದ ಗೋರಿಶಾಸನಗಳ ಪಟ್ಟಿ ಅಚ್ಚು ಹಾಕಿಸಿದ ಮೇಲೆ ದೊರೆಗಳ ವಂಶ ಹುಡುಕುವುದೆಂದರೆ ಗೋರಿಯ ಕಲ್ಲು ಓದುವುದು ಎಂದೇ ಆಯಿತು.

ಎರಡನೆಯ ಘಟ್ಟ ಉಯಿಲುಗಳದ್ದು. ಬಂಗಾಳ, ಮದ್ರಾಸ್, ಬೊಂಬಾಯಿ ಪ್ರೆಸಿಡೆನ್ಸಿಗಳಲ್ಲಿ ಸತ್ತ ಯುರೋಪಿಯನ್ನರ ಮರಣಶಾಸನದ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಊರಿಗೆ ಮರಳಿ ಸತ್ತವರಿಗೆ ಇಂಗ್ಲೆಂಡಿನಲ್ಲಿ 1858ರಿಂದೀಚೆಗೆ ವರ್ಷವರ್ಷದ ಪ್ರೊಬೇಟ್ ಪಟ್ಟಿಯಿದೆ. 1976ರಲ್ಲಿ ಹುಟ್ಟಿದ ದಕ್ಷಿಣ ಏಷ್ಯಾ ಬ್ರಿಟಿಷ್ ಸ್ಮಶಾನಗಳ ಸಂಘವೂ 1998ರಲ್ಲಿ ಹುಟ್ಟಿದ ಬ್ರಿಟಿಷ್ ಇಂಡಿಯಾ ಕುಟುಂಬಗಳ ಇತಿಹಾಸ ಸಂಘವೂ ಈ ರಾಶಿಗೆ ಸೂಚಿ ಕಟ್ಟಿದವು. ಸ್ಕಾಟ್ಲೆಂಡಿನಲ್ಲಿ ಕೂತ ಮರಿಮಗಳು ಮುತ್ತಜ್ಜನ ತೋಟದ ಹೆಸರನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿಯುವಂತಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಉಯಿಲು ಬರೆಯುವವನು ತನ್ನ ವಾರಸುದಾರರೆಂದು ಒಪ್ಪಿದವರನ್ನಷ್ಟೇ ಕಾಣುತ್ತಾನೆ. ದುರ್ಬಾ ಘೋಷ್ 2006ರ ತಮ್ಮ ಪುಸ್ತಕದಲ್ಲಿ ಬಂಗಾಳದ ಉಯಿಲುಗಳನ್ನು ಸಾಲಾಗಿ ಓದಿ, ಜತೆಯಲ್ಲಿ ಬಾಳಿದ ದೇಶೀ ಹೆಂಗಸರಿಗೆ ಎಷ್ಟೋ ಕಡೆ ಅರ್ಧ ಹೆಸರು, ಎಷ್ಟೋ ಕಡೆ ಅದೂ ಇಲ್ಲ ಎಂದು ತೋರಿಸಿದರು. ನನಗೆ ತಿಳಿದಂತೆ ಕಾಫಿ ಸೀಮೆಗೆ ಅಂಥ ಓದು ಈವರೆಗೆ ನಡೆದಿಲ್ಲ. ನಮ್ಮಲ್ಲಿ ಆ ಹೆಂಗಸರ ಮಕ್ಕಳ ಕಥೆ ಊರಿನ ಪಿಸುಮಾತಿನಲ್ಲೇ ಉಳಿದಿದೆ.

ಇಲ್ಲಿ ಗುಜರಾತನ್ನು ನೋಡಿ ಹೊಟ್ಟೆಕಿಚ್ಚು ಪಡುವುದು ನನ್ನ ಹಳೆಯ ಚಾಳಿ. ಸೂರತ್ತಿನಲ್ಲಿ ಇಂಗ್ಲಿಷ್ ಕಂಪನಿಯ ಆಕ್ಸೆಂಡೆನ್ ಸಹೋದರರ ಗುಮ್ಮಟವಿದೆ. ಮಲಬಾರಿನ ಗಿಡಮೂಲಿಕೆಗಳ ಮಹಾಗ್ರಂಥ ಮಾಡಿಸಿ 1691ರಲ್ಲಿ ತೀರಿಕೊಂಡ ಡಚ್ ಅಧಿಕಾರಿ ವಾನ್ ರೀಡನ ಗೋರಿಯೂ ಇದೆ. ಅಲ್ಲಿನ ವಿದ್ವಾಂಸರು ಗೋರಿಗಳಿಗೇ ಅಂಟಿಕೊಳ್ಳಲಿಲ್ಲ. ವಡೋದರದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ 1925ರಲ್ಲೇ ‘ಲೇಖಪದ್ಧತಿ’ಯನ್ನು, ಎಂದರೆ ಕ್ರಯ, ಅಡಮಾನ ಮೊದಲಾದ ಪತ್ರಗಳ ನಮೂನೆಗಳ ಹಳೆಯ ಸಂಸ್ಕೃತ ಸಂಕಲನವನ್ನು, ಅಚ್ಚು ಹಾಕಿತು. ಅಹಮದಾಬಾದಿನ ಜವಾಹಿರಿ ಶಾಂತಿದಾಸ್ ಮತ್ತು ಅವನ ನಗರಸೇಠ ಸಂತತಿಯನ್ನು ಎಂ.ಎಸ್. ಕಮಿಸ್ಸಾರಿಯಟ್ ಮೊಗಲ್ ಫರ್ಮಾನುಗಳ ಮೂಲಕ ಹಿಂಬಾಲಿಸಿದರು. ಫರ್ಹತ್ ಹಸನ್ 2004ರಲ್ಲಿ ಸೂರತ್, ಖಂಭಾತಗಳ ಪರ್ಷಿಯನ್ ಭಾಷೆಯ ಆಸ್ತಿಪತ್ರಗಳನ್ನು ಓದಿದಾಗ ಖಾಜಿಯ ಮುಂದೆ ಮನೆಯ ಹಕ್ಕಿಗಾಗಿ ನಿಂತ ಹೆಂಗಸರು ಕಂಡರು. ಈ ವಿದ್ವಾಂಸರು ಓದಿದ್ದು ದೂರದ ನಕಲನ್ನಲ್ಲ, ಆ ನೆಲದಲ್ಲೇ ಬರೆದ ಪತ್ರಗಳನ್ನು.

ನಮ್ಮಲ್ಲೂ ನೆಲದ ಕಾಗದ ಓದುವ ಪರಂಪರೆ ಇತ್ತು, ಅದು ತೋಟಗಳತ್ತ ತಿರುಗಲಿಲ್ಲ ಅಷ್ಟೆ. ಕೆಳದಿಯ ಗುಂಡಾಜೋಯಿಸರು ಮೋಡಿ, ತಿಗಳಾರಿ ಲಿಪಿಗಳನ್ನು ಓದಿ ಒಂದು ಊರಿನಲ್ಲೇ ಸಂಗ್ರಹಾಲಯ ಕಟ್ಟಿದರು. ಎ.ಕೆ. ಶಾಸ್ತ್ರಿಗಳು ಶೃಂಗೇರಿ ಮಠದ ಕಡತಗಳನ್ನು ಸಂಪಾದಿಸಿದರು. ಅವರ ನೆರಳಿನಲ್ಲಿ ಬೆಳೆದ ನನ್ನ ತಲೆಮಾರಿನ ಕೆಲವರಿಗೆ, ಇದೇ ಕೈಚಳಕವನ್ನು ಕಾಫಿ ತೋಟದ ಕಾಗದಕ್ಕೆ ಏಕೆ ಬಳಸಬಾರದು ಅನ್ನಿಸಿತು. ನನಗೆ ಮೋಡಿ ಕನ್ನಡ ಕಲಿಸಿದವರು ಕೆಲಸ ಕಳೆದುಕೊಂಡ ಒಬ್ಬ ಶಾನುಭೋಗರು. “ಅಕ್ಷರ ಓದಬೇಡ ಮಾರಾಯ, ಕೈ ಓಡಿದ ದಾರಿ ಓದು” ಎನ್ನುತ್ತಿದ್ದರು. ಆರು ತಿಂಗಳು ಹಿಡಿಯಿತು.

ಅವರೇ ತೋರಿಸಿದ್ದು, ಕ್ರಯಪತ್ರವನ್ನು ಕೊನೆಯಿಂದ ಓದಬೇಕು ಎಂದು. ಅಲ್ಲಿರುವುದು ಚೆಕ್ಕುಬಂದಿ: ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾರ ಬಾಣೆ, ಉತ್ತರಕ್ಕೆ ಯಾವ ದೇವರಕಾಡು, ದಕ್ಷಿಣಕ್ಕೆ ಯಾವ ಹಳ್ಳ. ಜಾಗ ಬರೀ ಕಾಡಾಗಿದ್ದರೆ ನಾಲ್ಕು ಗಡಿಗೂ ಮರವೇ ಬರಬೇಕಿತ್ತು. ಬರುವುದು ಮನುಷ್ಯರ ಹೆಸರು. ದೊರೆ ಬರುವ ಮೊದಲೇ ಮೈಸೂರು ಸರ್ಕಾರ ರೈತರ ಕಾಫಿಯಲ್ಲಿ ಪಾಲು ಎತ್ತುತ್ತಿತ್ತು, ಮುಂದೆ ಅದು ‘ಹಾಲತ್’ ಸುಂಕವಾಯಿತು. ಸುಂಕದ ಲೆಕ್ಕದಲ್ಲಿ ಹಿತ್ತಿಲ ಕಾಫಿಯವರೂ ಇದ್ದಾರೆ. ಕೊಡಗಿನಲ್ಲಂತೂ ಅರಸ ಲಿಂಗರಾಜನ ಕಾಲದ ಶಿಸ್ತಿನ, ಎಂದರೆ ಕಂದಾಯದ, ಪುಸ್ತಕ ಮನೆಮನೆಯ ವಂಶಪಾರಂಪರ್ಯದ ಜಮ್ಮಾ ಭೂಮಿಯನ್ನು ಬರೆದಿಟ್ಟಿತ್ತು. ದೊರೆಯ ತೋಟವನ್ನು ಅದರ ಮೇಲಿಟ್ಟು ನೋಡಿದರೆ ಯಾರ ಪಕ್ಕದಲ್ಲಿ, ಎಷ್ಟೋ ಸಲ ಯಾರದರ ಮೇಲೆ, ತೋಟ ಎದ್ದಿತೆಂದು ತಿಳಿಯುತ್ತದೆ.

1860ರ ದಶಕ ಈ ಓದಿಗೆ ಒಳ್ಳೆಯ ಕಿಟಕಿ. ಕಾಂಡಕೊರಕ ಹುಳ ತೋಟಗಳನ್ನು ನೆಲ ಹಿಡಿಸಿತು. ಜಾರ್ಜ್ ಬಿಡೀ 1869ರಲ್ಲಿ ಅದರ ಬಗ್ಗೆ ವರದಿ ಕೊಟ್ಟ. ಹುಳ ಬಿದ್ದ ತೋಟ ಕೈ ಬದಲಾಯಿಸುತ್ತದೆ, ಕೈ ಬದಲಾದ ಕಡೆಯೆಲ್ಲ ಒಂದು ಪತ್ರ ಹುಟ್ಟುತ್ತದೆ. ಉಯಿಲು ಒಬ್ಬನ ಜೀವಮಾನಕ್ಕೆ ಒಂದೇ; ಕ್ರಯ, ಭೋಗ್ಯ, ಖಾತೆ ಬದಲಾವಣೆ ಹತ್ತಾರು.

ಇಂಗ್ಲೆಂಡಿನದು, ಇಲ್ಲಿನದು ಎರಡೂ ಕಡೆಯ ಕಾಗದವನ್ನು ಜತೆಗಿಟ್ಟವರಲ್ಲಿ ಸಿ.ಪಿ. ಬೆಳ್ಳಿಯಪ್ಪನವರನ್ನು ನೆನೆಯಲೇಬೇಕು. ಸ್ವತಃ ಕಾಫಿ ಬೆಳೆಗಾರರಾದ ಅವರು 2010ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಜೀವನ ಬರೆದರು. ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗಿ, ಕರ್ನಲ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾಗಿ, 1864ರಲ್ಲಿ ತೀರಿಕೊಂಡವಳು ಅವಳು. ತೋಟದ ಕಥೆಯಲ್ಲ, ಸರಿ. ಆದರೆ ಕೊಡಗಿನವರೊಬ್ಬರು ತಮ್ಮ ಕಡೆಯಿಂದ ಹೊರಟು ಇಂಗ್ಲೆಂಡಿನಲ್ಲಿ ಕಳೆದುಹೋದ ಮನೆತನವನ್ನು ಹುಡುಕಿದ್ದು ಈ ಕ್ಷೇತ್ರಕ್ಕೆ ದಿಕ್ಕು ತಿರುಗಿಸಿದಂತೆ. ಎಸ್. ಮುತ್ತಯ್ಯ 1993ರಲ್ಲಿ ಬರೆದ ದಕ್ಷಿಣ ಭಾರತದ ತೋಟಗಾರರ ಸಂಘದ ಶತಮಾನದ ಇತಿಹಾಸ ಉಪಯುಕ್ತವೇ, ಆದರೆ ಅದರ ನೋಟ ಬಂಗಲೆಯ ವರಾಂಡದಿಂದ ಕೆಳಗಿಳಿಯುವುದು ಕಡಿಮೆ.

ಇನ್ನು ಆಗದೇ ಉಳಿದದ್ದು. ಘಟ್ಟದ ಕೆಳಗಿನಿಂದ ಆಳು ತಂದ ಮೇಸ್ತ್ರಿಗಳ ಮುಂಗಡ ಲೆಕ್ಕ, ತೋಟದ ರೈಟರುಗಳ ದಿನವಹಿ ಇವುಗಳನ್ನು ಯಾರೂ ಕ್ರಮವಾಗಿ ಕೂಡಿಸಿಲ್ಲ. ‘ಒಬ್ಬನೇ’ ಎಂಬ ಮಾತಿಗೆ ಉತ್ತರ ಅಲ್ಲಿದೆ. ವಂಶಪಾರಂಪರ್ಯ ಗ್ರಾಮಾಧಿಕಾರ 1963ರಲ್ಲಿ ಹೋದಾಗ ಶಾನುಭೋಗರ ದಫ್ತರಗಳಲ್ಲಿ ಎಷ್ಟೋ ಅಟ್ಟದಲ್ಲೇ ಉಳಿದವು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು; ಏರಿದ್ದು ಅಂದಿನ ಹೆಸರು, ಹಿಂದಿನ ನೂರು ವರ್ಷವಲ್ಲ. ಹೆಸರು ಹೇಳದ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ನಾನು ಕೇಳಿದ ಕಟ್ಟು ಬಂತು: ಮೇಲಿನ ರಟ್ಟು, ಕೆಳಗಿನ ರಟ್ಟು, ನಡುವೆ ಗೆದ್ದಲಿನ ಮಣ್ಣು. ಗುಮಾಸ್ತರು ಸಹಿ ಹಾಕಿಸಿಕೊಂಡರು, ಕಟ್ಟು ತೋರಿಸಲಾಗಿದೆ ಎಂದು.

ಲಂಡನ್ನಿನ ಉಯಿಲು ತಂಪು ಕೋಣೆಯಲ್ಲಿದೆ, ಅದಕ್ಕೆ ಅವಸರವಿಲ್ಲ. ಅವಸರವಿರುವುದು ಅಟ್ಟದ ದಫ್ತರಕ್ಕೆ, ಅದಕ್ಕಿಂತ ಮೊದಲು ಮೋಡಿ ಓದಬಲ್ಲ ಕೊನೆಯ ನಾಲ್ಕಾರು ಕಣ್ಣುಗಳಿಗೆ.

ಮೊನ್ನೆ ಒಬ್ಬ ಹೋಂಸ್ಟೇ ಯಜಮಾನರು ಬೋರ್ಡಿನ ಸಾಲು ತಿದ್ದಿಕೊಡಿ ಎಂದರು. ಮೂಲ ಕ್ರಯಪತ್ರ ತೋರಿಸಿ, ಚೆಕ್ಕುಬಂದಿ ನೋಡಿ ಬರೆಯೋಣ ಎಂದೆ. “ಅದು ಬ್ಯಾಂಕಿನಲ್ಲಿದೆ ಸಾರ್, ಹೋಂಸ್ಟೇ ಕಟ್ಟೋಕೇ ಅಡ ಇಟ್ಟದ್ದು” ಎಂದು ನಕ್ಕರು. ಸಾಲ ತೀರಲು ಇನ್ನು ಒಂಬತ್ತು ವರ್ಷವಂತೆ. ಅಲ್ಲಿಯವರೆಗೆ ದೊರೆ ಒಬ್ಬನೇ ನಿಂತಿರುತ್ತಾನೆ.